ಹಳೇ ವಿಡಿಯೊ, ಹೊಸ ಟಿವಿ: ಚಿತ್ರ ಚೆನ್ನಾಗಿ ಕಾಣಬೇಕಾದರೆ ಏನು ಮಾಡಬೇಕು

ಹೊಸ ಟಿವಿಯಲ್ಲಿ ಹಳೇ ಮದುವೆ ವಿಡಿಯೊ ಹಾಕಿದರೆ ಮಸುಕಾಗಿ ಕಾಣುತ್ತದೆ, ಎಲ್ಲರೂ ದಪ್ಪಗೆ ಕಾಣುತ್ತಾರೆ, ಕೈ ಆಡಿಸಿದರೆ ಗೆರೆ ಗೆರೆ ಬರುತ್ತದೆ. ರಾಜಾಜಿನಗರದ ನನ್ನ ಸ್ಟುಡಿಯೊಗೆ ಬರುವವರಲ್ಲಿ ಹೆಚ್ಚಿನವರು ಹೇಳುವುದು ಇದೇ ಮೂರು ಮಾತು. ಮೊದಲು ನಾನು ಮದುವೆ, ಮುಂಜಿ ಶೂಟಿಂಗ್ ಮಾಡುತ್ತಿದ್ದೆ. ಈಗ ಜಾಸ್ತಿ ಕೆಲಸ ಅಂದರೆ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಕೊಡುವುದು. ಹಾಗಾಗಿ ಈ ಮೂರೂ ದೂರುಗಳಿಗೆ ಕಾರಣ ಎಲ್ಲಿದೆ ಅಂತ ಗೊತ್ತು. ವಿಡಿಯೊ ಹಾಳಾಗಿರುವುದು ಅಪರೂಪ. ಟಿವಿ ಅದನ್ನು ತೋರಿಸುವ ರೀತಿಯಲ್ಲಿ ತಪ್ಪಿರುತ್ತದೆ, ಅದನ್ನು ಸರಿ ಮಾಡಬಹುದು.

ಮೊದಲು ಲೆಕ್ಕ ನೋಡಿ. ನಮ್ಮ ದೇಶದಲ್ಲಿ ಟಿವಿಗೆ, ವಿಡಿಯೊಗೆ ಬಳಸಿದ್ದು ಪಾಲ್ ಅನ್ನುವ ಪದ್ಧತಿ. ಡಿವಿಡಿಗೆ ಅಥವಾ ಮಿನಿ ಡಿವಿ ಅನ್ನುವ ಚಿಕ್ಕ ಡಿಜಿಟಲ್ ಕ್ಯಾಸೆಟ್‌ಗೆ ಇಳಿದಾಗ ಅದರ ಅಳತೆ 720 ಅಡ್ಡ, 576 ಉದ್ದ. ಒಟ್ಟು ಸುಮಾರು ನಾಲ್ಕು ಲಕ್ಷ ಚುಕ್ಕೆ. ಫುಲ್ ಎಚ್‌ಡಿ ಟಿವಿಯ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಅಂದರೆ ಇಪ್ಪತ್ತು ಲಕ್ಷಕ್ಕೂ ಜಾಸ್ತಿ. 4ಕೆ ಟಿವಿಯಲ್ಲಿ 80 ಲಕ್ಷ ದಾಟುತ್ತದೆ. ಹಾಗಾಗಿ ವಿಡಿಯೊದ ಒಂದೊಂದು ಚುಕ್ಕೆಯಿಂದ ಎಚ್‌ಡಿ ಟಿವಿ ಐದು ಚುಕ್ಕೆ ಮಾಡಬೇಕು, 4ಕೆ ಟಿವಿ ಇಪ್ಪತ್ತು ಮಾಡಬೇಕು. ಉಳಿದದ್ದನ್ನು ಅದು ಊಹೆ ಮಾಡಿ ತುಂಬಿಸುತ್ತದೆ. ಈ ಊಹೆ ಒಂದೇ ಸಲ ಆಗಬೇಕು, ಚೆನ್ನಾಗಿ ಮಾಡಬಲ್ಲ ಯಂತ್ರದಲ್ಲೇ ಆಗಬೇಕು. ಪ್ಲೇಯರ್ ಒಮ್ಮೆ ಹಿಗ್ಗಿಸಿ, ನಡುವಿನ ಡಬ್ಬಿ ಇನ್ನೊಮ್ಮೆ ಹಿಗ್ಗಿಸಿ, ಕೊನೆಗೆ ಟಿವಿ ಮತ್ತೆ ತಿದ್ದಿದರೆ ಮುಖ ಮುಖವಾಗಿ ಉಳಿಯುವುದಿಲ್ಲ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಬರುತ್ತದೆ.

ಮೊದಲು ಆಕಾರ

ಬೇರೆ ಯಾವ ಸೆಟ್ಟಿಂಗ್ ಮುಟ್ಟುವ ಮುಂಚೆ ಆಕಾರ ಸರಿ ಮಾಡಿ. ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕ ಹಳೇ ವಿಡಿಯೊದಲ್ಲಿ 4:3, ಹೊಸ ಪರದೆಯಲ್ಲಿ 16:9. ಟಿವಿ ಅದನ್ನು ಅಕ್ಕಪಕ್ಕ ಎಳೆದು ಪರದೆ ತುಂಬಿಸಿದರೆ ಪ್ರತಿಯೊಂದೂ ಮೂರನೇ ಒಂದು ಭಾಗ ಅಗಲವಾಗುತ್ತದೆ. ಮದುಮಗಳ ಮುಖ ಅಗಲ, ಬಿಂದಿಗೆ ಅಗಲ, ಮಂಟಪದ ಬಾಳೆಕಂಬ ದಪ್ಪ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೊ ಹುಡುಕಿ 4:3 ಮಾಡಿ. ಕೆಲವು ಟಿವಿಗಳಲ್ಲಿ 'ಒರಿಜಿನಲ್' ಅಂತ ಇರುತ್ತದೆ. 'ವೈಡ್ ಜೂಮ್' ಥರದ್ದು ಬೇಡ. ಅದರಲ್ಲಿ ನಡುವೆ ಇರುವವರು ಸರಿಯಾಗಿ ಕಾಣುತ್ತಾರೆ, ಅಂಚಿನಲ್ಲಿ ನಿಂತ ಅತ್ತೆ ಮಾವ ಊದಿಕೊಳ್ಳುತ್ತಾರೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಛತ್ರವೇ ಬಳುಕಿದ ಹಾಗೆ ಆಗುತ್ತದೆ.

ಎರಡೂ ಕಡೆ ಕಪ್ಪು ಪಟ್ಟಿ ಬಂದಾಗ "ಅಷ್ಟು ದುಡ್ಡು ಕೊಟ್ಟು ತಗೊಂಡ ಟಿವಿ, ಅರ್ಧ ಖಾಲಿ ಬಿಡೋದಾ ಸಾರ್?" ಅಂತ ಕೇಳುತ್ತಾರೆ. ಅರ್ಧ ಅಲ್ಲ, ಕಾಲು ಭಾಗ. 43 ಇಂಚಿನ ಟಿವಿಯಲ್ಲಿ ಉಳಿಯುವ 4:3 ಚಿತ್ರವನ್ನು ಮೂಲೆಯಿಂದ ಮೂಲೆಗೆ ಅಳೆದರೆ 35 ಇಂಚು. ಆ ವಿಡಿಯೊ ತೆಗೆದ ಕಾಲದಲ್ಲಿ ಹೆಚ್ಚಿನ ಮನೆಗಳಲ್ಲಿ ಇದ್ದದ್ದು 21 ಇಂಚಿನ ಟಿವಿ. ಆಗ ನೋಡಿದ್ದಕ್ಕಿಂತ ಈಗಲೂ ಎಷ್ಟೋ ದೊಡ್ಡದಾಗಿಯೇ ನೋಡುತ್ತಿದ್ದೀರಿ.

ಡಿವಿಡಿ ಪ್ಲೇಯರ್ ಇದ್ದವರು ಇನ್ನೊಂದು ಕಡೆ ನೋಡಬೇಕು. ಪ್ಲೇಯರಿನ ಸೆಟಪ್‌ನಲ್ಲಿ 'ಟಿವಿ ಟೈಪ್' ಅಂತ ಇರುತ್ತದೆ. ಹಳೇ ಟಿವಿ ಕಾಲದಲ್ಲಿ 4:3 ಲೆಟರ್‌ಬಾಕ್ಸ್ ಅಂತ ಇಟ್ಟದ್ದು ಹಾಗೇ ಉಳಿದಿರುತ್ತದೆ. ಅದು ಹಾಗಿದ್ದರೆ ಅಗಲ ಪರದೆಯ ಸಿನಿಮಾ ಡಿವಿಡಿ ಹಾಕಿದಾಗ ಪ್ಲೇಯರ್ ಚಿತ್ರದ 576 ಅಡ್ಡ ಗೆರೆಗಳನ್ನು 432ಕ್ಕೆ ಇಳಿಸಿ, ಮೇಲೆ ಕೆಳಗೆ ಕಪ್ಪು ಸೇರಿಸಿ ಕಳಿಸುತ್ತದೆ. ಇರುವುದೇ ಕಮ್ಮಿ, ಅದರಲ್ಲೂ ಕಾಲು ಭಾಗ ಹೋಯಿತು. ಅದನ್ನು 16:9 ಮಾಡಿ. ಎದ್ದು ಹೋಗಿ ಒಂದು ನಿಮಿಷದಲ್ಲಿ ಮಾಡಬಹುದಾದ ಕೆಲಸ, ಫಲ ಕಣ್ಣಿಗೆ ಕಾಣುತ್ತದೆ.

ಇದರ ಜೊತೆಗೇ ಓವರ್‌ಸ್ಕ್ಯಾನ್ ನಿಲ್ಲಿಸಿ. ಟಿವಿ ಚಿತ್ರದ ನಾಲ್ಕೂ ಅಂಚು ಸ್ವಲ್ಪ ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುವ ಹಳೇ ಅಭ್ಯಾಸ ಅದು. ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸೋನಿಯಲ್ಲಿ 'ಫುಲ್ ಪಿಕ್ಸೆಲ್', ಸ್ಯಾಮ್‌ಸಂಗ್‌ನಲ್ಲಿ 'ಫಿಟ್ ಟು ಸ್ಕ್ರೀನ್' ಅಂತ ಹೆಸರು. ವಿಎಚ್‌ಎಸ್, ಅಂದರೆ ವಿಸಿಆರ್‌ಗೆ ಹಾಕುವ ಹಳೇ ದೊಡ್ಡ ಕ್ಯಾಸೆಟ್, ನೇರವಾಗಿ ನೋಡುವಾಗ ಮಾತ್ರ ಓವರ್‌ಸ್ಕ್ಯಾನ್ ಇದ್ದರೇ ವಾಸಿ. ಏಕೆಂದರೆ ವಿಸಿಆರ್‌ನಲ್ಲಿ ಟೇಪ್ ಓದುವ ಹೆಡ್ ಬದಲಾಗುವ ಜಾಗದಲ್ಲಿ, ಚಿತ್ರದ ತಳದಲ್ಲಿ ಹರಿದ ಹಾಗೆ ಒಂದು ಪಟ್ಟಿ ಇರುತ್ತದೆ. ಹಳೇ ಟಿವಿಗಳು ಅದನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿದ್ದವು. ಅದು ಕ್ಯಾಸೆಟ್ಟಿನ ದೋಷ ಅಲ್ಲ.

ವಯರ್ ವಿಷಯ

ಹಳದಿ ಪಿನ್ನಿನ ಒಂದೇ ವಯರಿನಲ್ಲಿ ಬೆಳಕು, ಬಣ್ಣ ಎರಡೂ ಒಟ್ಟಿಗೆ ಹೋಗುತ್ತವೆ. ಟಿವಿ ಅವನ್ನು ಮತ್ತೆ ಬೇರೆ ಮಾಡಬೇಕು, ಪೂರ್ತಿ ಬೇರೆ ಆಗುವುದಿಲ್ಲ. ಪಾಲ್‌ನಲ್ಲಿ ಬಣ್ಣ ಹೋಗುವುದು 4.43 ಮೆಗಾಹರ್ಟ್ಸ್ ಸುತ್ತಮುತ್ತ. ಚಿತ್ರದಲ್ಲಿ ತೀರಾ ಸಣ್ಣ ಗೆರೆಗಳು ಬಂದರೆ ಅವೂ ಅಲ್ಲಿಗೇ ಬರುತ್ತವೆ, ಟಿವಿ ಅವನ್ನು ಬಣ್ಣ ಅಂದುಕೊಳ್ಳುತ್ತದೆ. ರೇಷ್ಮೆ ಸೀರೆಯ ಜರಿ ಅಂಚನ್ನು ಗಮನಿಸಿ. ಮದುಮಗಳು ಸುಮ್ಮನೆ ಕೂತಿದ್ದರೂ ಆ ಅಂಚಿನ ಮೇಲೆ ನೀಲಿ, ಗುಲಾಬಿ ಬಣ್ಣ ಹರಿದಾಡುತ್ತಿರುತ್ತದೆ. ಸಣ್ಣ ಗೆರೆಯ ಅಂಗಿ ತೊಟ್ಟ ಚಿಕ್ಕಪ್ಪನ ಎದೆಯ ಮೇಲೂ ಅದೇ. ಕೆಂಪು ಅಕ್ಷರದ ಅಂಚಿನಲ್ಲಿ ಚುಕ್ಕೆಗಳು ಇರುವೆ ಸಾಲಿನ ಹಾಗೆ ನಡೆಯುತ್ತವೆ.

ಡಿವಿಡಿಯೊಳಗೆ ಬೆಳಕು, ಬಣ್ಣ ಬೇರೆ ಬೇರೆಯಾಗಿಯೇ ಇರುತ್ತವೆ. ಹಾಗಾಗಿ ಪ್ಲೇಯರಿನಲ್ಲಿ ಎಚ್‌ಡಿಎಂಐ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಕೆಂಪು, ಹಸಿರು, ನೀಲಿ ಮೂರು ಪಿನ್ನಿನ ಕಾಂಪೊನೆಂಟ್ ವಯರ್. ಹಳದಿ ವಯರ್ ಕೊನೆಯ ಆಯ್ಕೆ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಾಂಪೊನೆಂಟ್ ವಯರ್ ಈಗಲೂ ಸಿಗುತ್ತದೆ, ಆದರೆ ಹೋಗುವ ಮುಂಚೆ ಟಿವಿಯ ಹಿಂದಿನ ಪಿನ್‌ಗಳ ಫೋಟೊ ತೆಗೆದುಕೊಂಡು ಹೋಗಿ. ಈಗಿನ ಎಷ್ಟೋ ಟಿವಿಗಳಲ್ಲಿ ಇಯರ್‌ಫೋನ್ ಪಿನ್ ಥರದ ಒಂದೇ ತೂತು ಇರುತ್ತದೆ, ಅದಕ್ಕೆ ಬೇರೆ ಅಡಾಪ್ಟರ್ ವಯರ್ ಬೇಕು. ಆ ಪಿನ್ನಿನೊಳಗೆ ಯಾವುದು ಎಲ್ಲಿ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಥರ ಕಂಡರೂ ಬೇರೆ ವಯರ್ ಹಾಕಿದರೆ ಚಿತ್ರ ಬರುವುದಿಲ್ಲ, ಸ್ಪೀಕರಿನಲ್ಲಿ ಝುಂ ಅನ್ನುತ್ತದೆ.

ಚಿತ್ರ ಕಪ್ಪು ಬಿಳುಪಿನಲ್ಲಿ ಬಂದರೆ ಗಾಬರಿ ಬೇಡ. ಎಷ್ಟೋ ಟಿವಿಗಳಲ್ಲಿ ಹಳದಿ ಪಿನ್ನೂ ಕಾಂಪೊನೆಂಟಿನ ಹಸಿರು ಪಿನ್ನೂ ಒಂದೇ ತೂತಿಗೆ. ಇನ್‌ಪುಟ್ ಕಾಂಪೊನೆಂಟ್ ಅಂತ ಇದ್ದರೆ ಬಣ್ಣ ಬರುವುದಿಲ್ಲ. ಎವಿ ಅಂತ ಬದಲಿಸಿ, ಸರಿ ಹೋಗುತ್ತದೆ.

ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಬಿಳಿ ಡಬ್ಬಿ ಅಂಗಡಿಗಳಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ. ಟಿವಿಯಲ್ಲಿ ಎವಿ ತೂತು ಇಲ್ಲವೇ ಇಲ್ಲ ಅಂದರೆ ಮಾತ್ರ ತಗೊಳ್ಳಿ. ಹಳದಿ ವಯರಿನ ದೋಷ ಅದರಲ್ಲಿ ಹಾಗೇ ಉಳಿಯುತ್ತದೆ, ಮೇಲಿಂದ ಹೆಚ್ಚಿನವು ಚಿತ್ರವನ್ನು ಅಗಲಕ್ಕೆ ಎಳೆದೇ ಕಳಿಸುತ್ತವೆ. ಆಮೇಲೆ ಟಿವಿಯಲ್ಲಿ ಮತ್ತೆ 4:3 ಮಾಡಬೇಕು. ಎಷ್ಟೋ ಟಿವಿಗಳು ಎಚ್‌ಡಿಎಂಐನಲ್ಲಿ ಆ ಆಯ್ಕೆಯನ್ನೇ ಕೊಡುವುದಿಲ್ಲ.

ಸೆಟ್‌ಟಾಪ್ ಬಾಕ್ಸ್ ಇದ್ದರೆ ಅದರ ಔಟ್‌ಪುಟ್ ಸೆಟ್ಟಿಂಗ್ ತೆರೆದು 576ಐ, 576ಪಿ, 720ಪಿ, 1080ಐ ಒಂದೊಂದಾಗಿ ಹಾಕಿ ನೋಡಿ. ನೋಡಲು ಸುದ್ದಿ ಚಾನೆಲ್ಲೇ ಒಳ್ಳೆಯದು, ಕೆಳಗೆ ಓಡುವ ಅಕ್ಷರ ಇರುತ್ತದಲ್ಲ. ಯಾವುದರಲ್ಲಿ ಅಕ್ಷರ ಗರಗಸದ ಹಲ್ಲಿನ ಹಾಗೆ ಕಾಣದೆ ಸರಾಗವಾಗಿ ಓಡುತ್ತದೋ ಅದನ್ನು ಇಟ್ಟುಕೊಳ್ಳಿ. ಟಿವಿ ಒಳ್ಳೆಯದಾಗಿದ್ದರೆ ಸಾಮಾನ್ಯವಾಗಿ 576 ಗೆಲ್ಲುತ್ತದೆ, ಹಿಗ್ಗಿಸುವ ಕೆಲಸ ಟಿವಿಗೆ ಬಿಟ್ಟ ಹಾಗಾಗುತ್ತದೆ. ಅದೇ ಚಾನೆಲ್ ಎಚ್‌ಡಿಯಲ್ಲಿ ಇದ್ದರೆ ಈ ತೊಂದರೆ ಯಾವುದೂ ಬೇಡ, ಅದನ್ನೇ ಹಾಕಿಸಿಕೊಳ್ಳಿ.

ಟಿವಿಯ ಸೆಟ್ಟಿಂಗ್

ಅಂಗಡಿಯಲ್ಲಿ ಟಿವಿ 'ವಿವಿಡ್' ಅಥವಾ 'ಡೈನಮಿಕ್' ಮೋಡ್‌ನಲ್ಲಿ ಇರುತ್ತದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಕಣ್ಣು ಸೆಳೆಯಲಿ ಅಂತ. ಹಳೇ ವಿಡಿಯೊಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. 'ಸಿನಿಮಾ' ಅಥವಾ 'ಮೂವಿ' ಮೋಡ್ ಹಾಕಿ. ಮೊದಲ ದಿನ ಹಳದಿ ಹಳದಿ ಅನ್ನಿಸುತ್ತದೆ. ಎರಡು ದಿನ ಬಿಟ್ಟು ವಾಪಸ್ ವಿವಿಡ್ ಹಾಕಿ ನೋಡಿ, ಮುಖಗಳು ನೀಲಿಯಾಗಿ ಕಾಣುತ್ತವೆ.

ಈಗ ಶಾರ್ಪ್‌ನೆಸ್. ಹೆಸರು ಕೇಳಿ ಎಲ್ಲರೂ ಇದನ್ನು ಜಾಸ್ತಿ ಮಾಡುತ್ತಾರೆ, ಹಳೇ ವಿಡಿಯೊ ಕೆಡುವುದು ಇಲ್ಲೇ. ಶಾರ್ಪ್‌ನೆಸ್ ಚಿತ್ರಕ್ಕೆ ಹೊಸ ವಿವರ ತರುವುದಿಲ್ಲ. ಪ್ರತಿಯೊಂದು ಅಂಚಿನ ಪಕ್ಕ ಒಂದು ಬಿಳಿ ಗೆರೆ, ಒಂದು ಕಪ್ಪು ಗೆರೆ ಎಳೆಯುತ್ತದೆ. ಎಚ್‌ಡಿ ಚಿತ್ರದಲ್ಲಿ ಆ ಗೆರೆ ಕೂದಲಿನಷ್ಟು ತೆಳು, ಗೊತ್ತಾಗುವುದಿಲ್ಲ. ಹಳೇ ವಿಡಿಯೊದಲ್ಲಿ ಅಂಚುಗಳೇ ದಪ್ಪ, ಹಾಗಾಗಿ ಗೆರೆಯೂ ದಪ್ಪ. ಬಿಳಿ ಪಂಚೆಯ ಅಂಚು ನೋಡಿ, ಗೋಡೆ ಮುಂದೆ ನಿಂತವರ ತಲೆಯ ಸುತ್ತ ನೋಡಿ. ಪ್ರಭಾವಳಿ ಇಟ್ಟ ಹಾಗೆ ಬೆಳ್ಳಗೆ ಕಾಣುತ್ತಿದ್ದರೆ ಶಾರ್ಪ್‌ನೆಸ್ ಜಾಸ್ತಿ ಆಗಿದೆ. ಆ ಬಿಳಿ ಹೋಗುವ ತನಕ ಇಳಿಸಿ, ಅಲ್ಲಿಗೆ ನಿಲ್ಲಿಸಿ. ಸಂಖ್ಯೆ ನೋಡಬೇಡಿ. ಒಂದು ಕಂಪನಿಯಲ್ಲಿ 0 ಅಂದರೆ ಏನೂ ಸೇರಿಸದ ಸ್ಥಿತಿ, ಇನ್ನೊಂದರಲ್ಲಿ 50. ಇಳಿಸಿದ ಮೇಲೆ ಚಿತ್ರ ಮೆತ್ತಗಾಯಿತು ಅನ್ನಿಸಬಹುದು. ಆದರೆ ಮುಖದ ನೆರಳು, ಕೆನ್ನೆಯ ಉಬ್ಬು ವಾಪಸ್ ಬಂದಿರುತ್ತದೆ.

ನಾಯ್ಸ್ ರಿಡಕ್ಷನ್ ಎರಡು ಥರ ಇರುತ್ತದೆ. ಒಂದು ಕ್ಯಾಸೆಟ್ಟಿನ ಮರಳು ಮರಳು ಕಣ ತೆಗೆಯುತ್ತದೆ. ಇನ್ನೊಂದು, ಎಂಪೆಗ್ ಅಥವಾ ಡಿಜಿಟಲ್ ಅಂತ ಹೆಸರಿರುವುದು, ಚೌಕ ಚೌಕ ಒಡೆಯುವುದನ್ನು ಮೆತ್ತಗೆ ಮಾಡುತ್ತದೆ. ಕೇಬಲ್ ಚಾನೆಲ್ಲಿಗೂ ಸಿಡಿಗೂ ಎರಡನೆಯದು 'ಲೋ' ಸಾಕು. ವಿಎಚ್‌ಎಸ್‌ಗೆ ಮೊದಲನೆಯದು 'ಲೋ' ಅಥವಾ 'ಮೀಡಿಯಂ'. 'ಹೈ' ಮಾಡಿದರೆ ಮುಖದ ಚರ್ಮ ಮೇಣ ಬಳಿದ ಹಾಗಾಗುತ್ತದೆ, ತಲೆ ತಿರುಗಿಸಿದಾಗ ಹಿಂದಿನ ಚಿತ್ರ ಒಂದು ಕ್ಷಣ ಅಲ್ಲೇ ಉಳಿಯುತ್ತದೆ. ಚಲನೆ ನಯವಾಗಲಿ ಅಂತ ಟಿವಿ ನಡುನಡುವೆ ತಾನೇ ಚಿತ್ರ ಸೇರಿಸುವ ಮೋಶನ್ ಸ್ಮೂದಿಂಗ್ (ಟ್ರೂಮೋಶನ್, ಮೋಶನ್‌ಫ್ಲೋ ಇತ್ಯಾದಿ ಹೆಸರು) ಪೂರ್ತಿ ಆಫ್ ಮಾಡಿ.

ಈ ಸೆಟ್ಟಿಂಗ್‌ಗಳನ್ನು ಹೆಚ್ಚಿನ ಟಿವಿಗಳು ಇನ್‌ಪುಟ್‌ಗೊಂದು ಅಂತ ನೆನಪಿಟ್ಟುಕೊಳ್ಳುತ್ತವೆ. ಹಾಗಾಗಿ ಹಳೇ ಪ್ಲೇಯರಿಗೆ ಒಂದು ಎಚ್‌ಡಿಎಂಐ ತೂತು ಮೀಸಲಿಡಿ. ಅಲ್ಲಿ ಮಾಡಿದ್ದು ನಿಮ್ಮ ಕ್ರಿಕೆಟ್ ಮ್ಯಾಚಿಗೆ ತೊಂದರೆ ಕೊಡುವುದಿಲ್ಲ.

ಕೂರುವ ದೂರ ನೋಡಿಕೊಳ್ಳಿ. 576 ಗೆರೆಯ ಚಿತ್ರಕ್ಕೆ ಪರದೆಯ ಎತ್ತರದ ಆರು ಪಟ್ಟು ದೂರ ಬೇಕು, ಅಲ್ಲಿಗೆ ಕಣ್ಣಿಗೆ ಗೆರೆಗಳು ಬೇರೆ ಬೇರೆ ಕಾಣುವುದು ನಿಲ್ಲುತ್ತದೆ. 43 ಇಂಚಿನ ಟಿವಿಗೆ ಅದು ಹತ್ತೂವರೆ ಅಡಿ, 55 ಇಂಚಿಗೆ ಹದಿಮೂರೂವರೆ. ಬೆಂಗಳೂರಿನ ಫ್ಲ್ಯಾಟ್‌ಗಳ ಹಾಲಿನಲ್ಲಿ ಹದಿಮೂರು ಅಡಿ ಸಿಗುವುದು ಕಷ್ಟ. ಡೈನಿಂಗ್ ಟೇಬಲ್ ಹತ್ತಿರ ಕುರ್ಚಿ ಹಾಕಿಕೊಂಡು ನೋಡಿ, ಬೇರೆ ಟಿವಿಯೇ ಅನ್ನಿಸುತ್ತದೆ.

ಅಕ್ಷತೆ ಕಾಳು ಹೇಳುವ ಕಥೆ

ಹಳೇ ವಿಡಿಯೊ ಒಂದು ಸಲಕ್ಕೆ ಪೂರ್ತಿ ಚಿತ್ರ ತೆಗೆದದ್ದಲ್ಲ. ಸೆಕೆಂಡಿಗೆ 50 ಅರ್ಧ ಚಿತ್ರ. ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು, ಒಂದೊಂದರಲ್ಲಿ 288. ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತದೆ. ಇದಕ್ಕೆ ಇಂಟರ್‌ಲೇಸ್ ಅನ್ನುತ್ತಾರೆ. ಮಾಂಗಲ್ಯ ಧಾರಣೆಯ ಹೊತ್ತಿನಲ್ಲಿ ವಿಡಿಯೊ ನಿಲ್ಲಿಸಿ, ಹಾರುತ್ತಿರುವ ಅಕ್ಷತೆ ಕಾಳು ನೋಡಿ. ಒಂದೊಂದು ಕಾಳೂ ಎರಡು ಕಡೆ ಇರುತ್ತದೆ, ನಡುವೆ ಬಾಚಣಿಗೆ ಹಲ್ಲಿನ ಹಾಗೆ ಅಡ್ಡ ಗೆರೆ. ಮೊದಲ ಅರ್ಧ ತೆಗೆದಾಗ ಕಾಳು ಒಂದು ಕಡೆ ಇತ್ತು, ಎರಡನೇ ಅರ್ಧ ತೆಗೆಯುವ ಹೊತ್ತಿಗೆ ಮುಂದೆ ಹೋಗಿತ್ತು. ಎರಡನ್ನೂ ಒಂದೇ ಚಿತ್ರದಲ್ಲಿ ಹೆಣೆದರೆ ಹೀಗಾಗುತ್ತದೆ.

ಹಳೇ ಟ್ಯೂಬ್ ಟಿವಿ ಆ ಅರ್ಧಗಳನ್ನು ಒಂದಾದ ಮೇಲೆ ಒಂದು ಹಾಗೇ ತೋರಿಸುತ್ತಿತ್ತು. ಈಗಿನ ಪರದೆಗೆ ಪೂರ್ತಿ ಚಿತ್ರವೇ ಬೇಕು. ಆದ್ದರಿಂದ ಯಾರಾದರೂ ಇವನ್ನು ಬಿಡಿಸಿ ಪೂರ್ತಿ ಚಿತ್ರ ಮಾಡಬೇಕು, ಅದೇ ಡಿಇಂಟರ್‌ಲೇಸ್. ಕೇಬಲ್ ಅಥವಾ ಎವಿ ಇನ್‌ಪುಟ್‌ನಲ್ಲಿ ಟಿವಿ ಇದನ್ನು ತಾನೇ ಮಾಡುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿದ ಫೈಲಿಗೆ ಎಷ್ಟೋ ಟಿವಿಗಳು ಸರಿಯಾಗಿ ಮಾಡುವುದಿಲ್ಲ. ಗೆರೆ ಗೆರೆ ದೂರು ಬರುವುದು ಇಲ್ಲಿಂದ.

ಕಂಪ್ಯೂಟರಿನಲ್ಲಿ ನೋಡುವವರಿಗೆ ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್ ಸಾಕು. ವಿಡಿಯೊ ಸೆಟ್ಟಿಂಗ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್ 'ಯಾಡಿಫ್ 2ಎಕ್ಸ್' ಆರಿಸಿ. ಟಿವಿಗಾಗಿ ಫೈಲ್ ಮಾಡುವುದಾದರೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಫಿಲ್ಟರ್ಸ್‌ನಲ್ಲಿ ಡಿಇಂಟರ್‌ಲೇಸ್ 'ಯಾಡಿಫ್', ಪ್ರಿಸೆಟ್ 'ಬಾಬ್'. ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ 50, ಕ್ವಾಲಿಟಿ ಆರ್‌ಎಫ್ 18. ಅಳತೆಯನ್ನು ಹಿಗ್ಗಿಸಬೇಡಿ, ಅದು ಟಿವಿಯ ಕೆಲಸ.

50 ಯಾಕೆ ಅಂದರೆ, ಅಷ್ಟು ಚಲನೆ ಆ ಕ್ಯಾಸೆಟ್ಟಿನಲ್ಲಿ ನಿಜವಾಗಿಯೂ ಇದೆ. ಎಷ್ಟೋ ಕಡೆ 25ಕ್ಕೆ ಇಳಿಸಿ ಕೊಡುತ್ತಾರೆ. ಗೆರೆ ಹೋಗುತ್ತದೆ, ಆದರೆ ಅರ್ಧ ಚಲನೆಯೂ ಹೋಗುತ್ತದೆ. ಮಗು ಓಡಿದ್ದು ತಡವರಿಸಿದ ಹಾಗೆ ಕಾಣುತ್ತದೆ. 50 ಇಟ್ಟರೆ ಹಳೇ ಟಿವಿಯಲ್ಲಿ ಕಂಡ ಅದೇ ಜೀವಂತಿಕೆ ಬರುತ್ತದೆ. ಕ್ಯಾಸೆಟ್ ಇಳಿಸಲು ಯಾರಿಗಾದರೂ ಕೊಟ್ಟರೆ ಈ ಒಂದು ಪ್ರಶ್ನೆ ಕೇಳಿ: ಫೈಲ್ 25ರಲ್ಲಿ ಕೊಡುತ್ತೀರಾ, 50ರಲ್ಲಾ?

ಚಲನೆ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ನಡುಗುತ್ತಿದ್ದರೆ ಅರ್ಧ ಚಿತ್ರಗಳ ಕ್ರಮ ಅದಲುಬದಲಾಗಿದೆ. ಮಿನಿ ಡಿವಿಯಲ್ಲಿ ಸಮ ಗೆರೆಗಳ ಅರ್ಧ ('ಬಾಟಮ್') ಮೊದಲು, ಸಾಮಾನ್ಯವಾಗಿ ನಮ್ಮ ಡಿವಿಡಿಗಳಲ್ಲಿ ಬೆಸ ಗೆರೆಗಳ ಅರ್ಧ ('ಟಾಪ್') ಮೊದಲು. ಸಾಫ್ಟ್‌ವೇರಿನಲ್ಲಿ 'ಫೀಲ್ಡ್ ಆರ್ಡರ್' ಬದಲಿಸಿ ಮತ್ತೆ ಫೈಲ್ ಮಾಡಿ. ಇನ್ನೊಂದು: ಎಚ್‌ಡಿ ಅಳತೆಗೆ ಹಿಗ್ಗಿಸಿದ ಫೈಲಿನಲ್ಲಿ ಕುಂಕುಮದ ಕೆಂಪು ಕಿತ್ತಳೆ ಕಡೆ ವಾಲಿದ್ದರೆ, ಹಿಗ್ಗಿಸಿದವರು ಬಣ್ಣದ ಲೆಕ್ಕ ಬದಲಿಸುವುದನ್ನು ಬಿಟ್ಟಿದ್ದಾರೆ. ಹಳೇ ವಿಡಿಯೊಗೆ ಬಿಟಿ 601, ಎಚ್‌ಡಿಗೆ ಬಿಟಿ 709. ಸಾಫ್ಟ್‌ವೇರಿನಲ್ಲಿ ಈ ಹೆಸರುಗಳು ಕಂಡರೆ ಸುಮ್ನೆ ದಾಟಿ ಹೋಗಬೇಡಿ.

ಸಿಡಿ ಮಾತ್ರ ಇರುವವರಿಗೆ

2000ದ ದಶಕದಲ್ಲಿ ಸ್ಟುಡಿಯೊಗಳು ಕೊಟ್ಟ ಮದುವೆ ಸಿಡಿ ವಿಸಿಡಿ ಪದ್ಧತಿಯದು, ಅಳತೆ 352 ಅಡ್ಡ 288 ಉದ್ದ. ಡಿವಿಡಿಯ ಕಾಲು ಭಾಗ ಮಾತ್ರ. ಸೆಕೆಂಡಿನ ಚಲನೆಯೂ ಅರ್ಧ. ಅದರಿಂದ ಜಾಸ್ತಿ ತೆಗೆಯಲು ಆಗುವುದಿಲ್ಲ. ಆದರೆ ಆ ಮದುವೆಯನ್ನು ತೆಗೆದದ್ದು ಕ್ಯಾಸೆಟ್ಟಿನಲ್ಲಿ, ಸಿಡಿ ಅದರ ನಕಲು. ಮೂಲ ಕ್ಯಾಸೆಟ್ ಅಟ್ಟದ ಮೇಲೆ, ಬೀರುವಿನ ಕೆಳಗಿನ ಖಾನೆಯಲ್ಲಿ, ತವರು ಮನೆಯಲ್ಲಿ ಇದ್ದೇ ಇರಬಹುದು. ಹುಡುಕಿ. ಸಿಕ್ಕಿದರೆ ವಿಸಿಆರ್‌ಗೆ ಹಾಕುವ ಮುಂಚೆ ಕ್ಯಾಸೆಟ್ಟಿನ ಮೇಲಿನ ಪಾರದರ್ಶಕ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಟೇಪೂ ಹಾಳಾಗುತ್ತದೆ, ಹೆಡ್ಡೂ ಹಾಳಾಗುತ್ತದೆ. ಮೊದಲು ಸ್ವಚ್ಛ ಮಾಡಿಸಬೇಕು.

ಎಐ ಬಳಸಿ 4ಕೆ ಮಾಡಿಕೊಡಿ ಅಂತ ಈಗ ತುಂಬಾ ಜನ ಕೇಳುತ್ತಾರೆ. ಕಟ್ಟಡ, ಮರ, ದೇವಸ್ಥಾನದ ಗೋಪುರಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜನರ ಮುಖಕ್ಕೆ ನಾನು ಮಾಡಿಕೊಡುವುದಿಲ್ಲ. ದೂರದಲ್ಲಿ ಕೂತ ಅಜ್ಜಿಯ ಮುಖ ಆ ವಿಡಿಯೊದಲ್ಲಿ ಮೂವತ್ತು ನಲವತ್ತು ಚುಕ್ಕೆ ಅಗಲ ಇರುತ್ತದೆ. ಸಾಫ್ಟ್‌ವೇರ್ ಅಲ್ಲಿ ಕಣ್ಣು, ಹಲ್ಲು, ರೆಪ್ಪೆ ತಾನೇ ಬರೆಯುತ್ತದೆ. ಸ್ಪಷ್ಟವಾಗಿ ಕಾಣುತ್ತದೆ, ಆದರೆ ಆ ಕಣ್ಣು ಅವರದಲ್ಲ. ಅವರನ್ನು ನೋಡದ ಮೊಮ್ಮಕ್ಕಳು ನಾಳೆ ಅದನ್ನೇ ಅಜ್ಜಿ ಅಂದುಕೊಳ್ಳುತ್ತಾರೆ. ಮಸುಕಾದರೂ ಅವರದೇ ಮುಖ ಇರಲಿ ಅಂತ ನಾನು ಹೇಳುತ್ತೇನೆ, ಹೆಚ್ಚಿನವರು ಒಪ್ಪುತ್ತಾರೆ.

ಕೊನೆಗೆ ಫೈಲ್ ಇಡುವುದು. ಮಿನಿ ಡಿವಿ ಕ್ಯಾಸೆಟ್ಟನ್ನು ಕ್ಯಾಮೆರಾದಿಂದ ಕಂಪ್ಯೂಟರಿಗೆ ಹಾಕುವ ಫೈರ್‌ವೈರ್ ಅನ್ನುವ ವಯರಿನಲ್ಲಿ ಇಳಿಸಿದರೆ ಕ್ಯಾಸೆಟ್ಟಿನಲ್ಲಿದ್ದ ಡೇಟಾನೇ ಹಾಗೇ ಬರುತ್ತದೆ, ಒಂದು ಗಂಟೆಗೆ ಸುಮಾರು 13 ಜಿಬಿ. ಟಿವಿಗಾಗಿ ಮಾಡಿದ ಚಿಕ್ಕ ಫೈಲ್ ಸಿಕ್ಕ ಮೇಲೆ ಈ ದೊಡ್ಡದನ್ನು ಅಳಿಸಬೇಡಿ. 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಎಪ್ಪತ್ತು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಅಂಥ ಎರಡು ಡಿಸ್ಕ್ ತಗೊಂಡು ಒಂದನ್ನು ನಿಮ್ಮ ಮನೆಯಲ್ಲಿ, ಇನ್ನೊಂದನ್ನು ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಡಿ. ಪೆನ್‌ಡ್ರೈವ್‌ಗೆ ನಕಲು ಮಾಡುವಾಗ 4 ಜಿಬಿಗಿಂತ ದೊಡ್ಡ ಫೈಲ್ ಹೋಗದಿದ್ದರೆ ಅದು ಫ್ಯಾಟ್ 32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿ ಇದೆ ಅಂತ ಅರ್ಥ. ಅದರಲ್ಲಿ ಇರುವುದನ್ನು ಬೇರೆ ಕಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ನಿಮ್ಮ ಟಿವಿ ಎಕ್ಸ್‌ಫ್ಯಾಟ್ ಓದುತ್ತದಾ ಅಂತ ಒಂದು ಚಿಕ್ಕ ಫೈಲ್ ಹಾಕಿ ಮೊದಲೇ ನೋಡಿಕೊಳ್ಳಿ.